ಮೈಸೂರು ಯುದ್ಧಗಳ ವಿಡಂಬನ ಮುದ್ರಣಚಿತ್ರಗಳು: ಅತಿರೇಕದ ಟೀಕೆ ಮತ್ತು ಹೆಬ್ಬೂರು–ಕುಣಿಗಲ್ ಸೀಮೆ

1. ಪ್ರವೇಶ

ಹದಿನೆಂಟನೆಯ ಶತಮಾನದ ಕೊನೆಯ ದಶಕದ ಮೈಸೂರನ್ನು ಅರಿಯಲು ನಮ್ಮ ಸಂಶೋಧಕರು ಸಾಮಾನ್ಯವಾಗಿ ಆಶ್ರಯಿಸುವ ಆಕರಗಳು ಮೂರು ಬಗೆಯವು. ಇಂಗ್ಲಿಷ್ ಸೇನಾಧಿಕಾರಿಗಳ ಕಥನಗಳು ಮೊದಲನೆಯವು. ಆಸ್ಥಾನದ ಪತ್ರಗಳು ಮತ್ತು ಕೈಫಿಯತ್ತುಗಳು ಎರಡನೆಯವು. ಟಿಪ್ಪುವಿನ ಕಾಲವನ್ನು ಕುರಿತ ಲಾವಣಿಗಳು ಮೂರನೆಯವು. ಇವುಗಳ ಜೊತೆಗೆ ಇರಿಸಬೇಕಾದ ನಾಲ್ಕನೆಯ ಆಕರವೊಂದಿದೆ. ಅದು ಮೈಸೂರಿನ ಯುದ್ಧಗಳನ್ನೇ ವಸ್ತುವಾಗಿಟ್ಟುಕೊಂಡು ಲಂಡನ್ ನಗರದಲ್ಲಿ ಅಚ್ಚಾದ ವಿಡಂಬನ ಮುದ್ರಣಚಿತ್ರಗಳು. ನಮ್ಮ ಪುಸ್ತಕಗಳಲ್ಲಿ ಇವು ಆಗೀಗ ಕಾಣಿಸಿಕೊಳ್ಳುತ್ತವೆ. ಆದರೆ ಪುಟದ ಅಲಂಕಾರವಾಗಿ, ಇಲ್ಲವೆ ಟಿಪ್ಪುವಿನ ಶೌರ್ಯಕ್ಕೆ ಶತ್ರುವೇ ಕೊಟ್ಟ ಪ್ರಮಾಣಪತ್ರವಾಗಿ. ಇವುಗಳನ್ನು ಟಿಪ್ಪುವಿಗೆ ಮಾಡಿದ ಅವಮಾನವೆಂದು ತಳ್ಳಿಹಾಕುವವರೂ ಇದ್ದಾರೆ.

ಈ ಎರಡು ಓದುಗಳೂ ಚಿತ್ರದ ಗುರಿಯನ್ನು ತಪ್ಪಿಸುತ್ತವೆ ಎಂಬುದು ಪ್ರಸ್ತುತ ಪ್ರಬಂಧದ ನಿಲುವು. ಈ ಮುದ್ರಣಚಿತ್ರಗಳ ಬಾಣ ನೆಟ್ಟಿರುವುದು ಮೈಸೂರಿನತ್ತ ಅಲ್ಲ. ಇಂಗ್ಲೆಂಡಿನ ಆಳುವ ವರ್ಗದ ಅತಿರೇಕದತ್ತ. ಅತಿಯಾದ ಆಸೆ, ಅತಿಯಾದ ಸಂಪತ್ತು, ಅತಿಯಾದ ಜಂಬ ಇವೇ ಅವುಗಳ ವಸ್ತು. ಹಾಗೆಯೇ ಆ ನಗೆಗೆ ಒಂದು ಮಿತಿಯೂ ಇದೆ. ಅದು ಪ್ರಭುಗಳ ಮುಖದ ಮೇಲೆಯೇ ನಿಂತುಬಿಡುತ್ತದೆ. ದಂಡು ತುಳಿದುಹೋದ ಹೊಲವನ್ನು ಅದು ಕಾಣುವುದಿಲ್ಲ. ಆ ಹೊಲಗಳಲ್ಲಿ ಕೆಲವು ಇಂದಿನ ಕುಣಿಗಲ್ ತಾಲ್ಲೂಕಿನಲ್ಲಿವೆ. ಆದ್ದರಿಂದ ಈ ಚಿತ್ರಗಳನ್ನು ಲಂಡನ್ನಿನ ಅಂಗಡಿಯ ಕಿಟಕಿಯಿಂದಷ್ಟೇ ಅಲ್ಲದೆ ಹೆಬ್ಬೂರು–ಕುಣಿಗಲ್ ಸೀಮೆಯಿಂದಲೂ ನೋಡುವುದು ಅಗತ್ಯ.

2. ತಾಮ್ರದ ತಗಡಿನ ನಗೆ

ಯುರೋಪಿನಲ್ಲಿ ವಿಡಂಬನ ಮುದ್ರಣಚಿತ್ರಕ್ಕೆ ಗಟ್ಟಿಯಾದ ನೆಲೆ ಒದಗಿಸಿದವನು ವಿಲಿಯಂ ಹೊಗಾರ್ತ್ (1697–1764). ತಂದೆಯ ಆಸ್ತಿಯನ್ನು ಜೂಜು, ವೇಶ್ಯಾಗೃಹಗಳಲ್ಲಿ ಕರಗಿಸಿ ಹುಚ್ಚರ ಆಸ್ಪತ್ರೆ ಸೇರುವ ಯುವಕನ ಕಥೆಯನ್ನು ಅವನು 1735ರಲ್ಲಿ ಎಂಟು ಮುದ್ರಣಚಿತ್ರಗಳ ಸರಣಿಯಾಗಿ ಹೊರತಂದ. ಅಗ್ಗದ ಜಿನ್ ಮದ್ಯದಿಂದ ಹಾಳಾದ ಬೀದಿಯನ್ನು ಕುರಿತ ಪ್ರಸಿದ್ಧ ಚಿತ್ರ 1751ರದು. ಮುದ್ರಣಕಾರರ ಹಕ್ಕನ್ನು ರಕ್ಷಿಸುವ ಕಾಯಿದೆಯೂ 1735ರಲ್ಲಿಯೇ ಜಾರಿಗೆ ಬಂದುದರಿಂದ ಈ ಕಸುಬು ಕಲಾವಿದನಿಗೆ ಹೊಟ್ಟೆಪಾಡಿನ ದಾರಿಯಾಯಿತು. ಪೋಷಕನ ಹಂಗಿಲ್ಲದೆ, ಕೊಳ್ಳುವ ಜನರನ್ನೇ ನಂಬಿ ಚಿತ್ರ ಬರೆಯುವುದು ಸಾಧ್ಯವಾಯಿತು. ವಿಡಂಬನೆಗೆ ಬೇಕಾದ ಧೈರ್ಯ ಹುಟ್ಟಿದ್ದು ಈ ವ್ಯಾಪಾರದಿಂದಲೇ ಎಂಬುದನ್ನು ಮರೆಯಬಾರದು.

ಅದರ ತಯಾರಿಕೆಯ ಕ್ರಮ ಹೀಗಿತ್ತು. ನಯಗೊಳಿಸಿದ ತಾಮ್ರದ ತಗಡಿಗೆ ಮೇಣದ ತೆಳುಲೇಪ ಕೊಡುತ್ತಿದ್ದರು. ಅದರ ಮೇಲೆ ಸೂಜಿಯಿಂದ ಚಿತ್ರವನ್ನು ಎಡಬಲ ತಿರುವುಮುರುವಾಗಿ ಗೀರುತ್ತಿದ್ದರು. ತಗಡನ್ನು ಆಮ್ಲದಲ್ಲಿ ಅದ್ದಿದಾಗ ಮೇಣ ಸರಿದ ಗೆರೆಗಳಲ್ಲಿ ಮಾತ್ರ ತಾಮ್ರ ತಿಂದುಹೋಗುತ್ತಿತ್ತು. ಆ ಗೆರೆಗಳಿಗೆ ಮಸಿ ತುಂಬಿ, ಮೇಲ್ಮೈಯನ್ನು ಒರೆಸಿ, ಒದ್ದೆ ಕಾಗದವನ್ನಿಟ್ಟು ಒತ್ತುಯಂತ್ರದಲ್ಲಿ ಎಳೆದರೆ ಒಂದು ಪ್ರತಿ ಸಿದ್ಧ. ಆಮೇಲೆ ಕೈಯಿಂದ ಬಣ್ಣ ತುಂಬುತ್ತಿದ್ದರು. ಸುದ್ದಿ ಬಂದ ಕೆಲವೇ ದಿನಗಳಲ್ಲಿ ಚಿತ್ರ ಅಂಗಡಿಯ ಕಿಟಕಿಗೆ ಬರುತ್ತಿತ್ತು. ಕೊಳ್ಳುವವರು ಉಳ್ಳವರು, ಆದರೆ ಕಿಟಕಿಯ ಮುಂದೆ ನಿಂತು ನೋಡಿ ನಗಲು ಕಾಸು ಬೇಕಿರಲಿಲ್ಲ.

ಜೇಮ್ಸ್ ಗಿಲ್‌ರೇ (1756–1815) ಈ ಪರಂಪರೆಯ ಅತ್ಯಂತ ಹರಿತವಾದ ಸೂಜಿ. ಹ್ಯಾನ ಹಂಫ್ರಿ ಎಂಬ ಮಹಿಳೆ ನಡೆಸುತ್ತಿದ್ದ ಮುದ್ರಣಚಿತ್ರಗಳ ಅಂಗಡಿಗಾಗಿ ಅವನು ದುಡಿದ. 1792ರ ಜುಲೈನಲ್ಲಿ ಅವನು ಹೊರತಂದ ಎರಡು ಚಿತ್ರಗಳು ಅತಿರೇಕದ ವಿಡಂಬನೆಗೆ ಮಾದರಿಗಳು. ಒಂದರಲ್ಲಿ ಯುವರಾಜ ತಿಂದು ತೇಗಿ, ಅಂಗಿಯ ಗುಂಡಿ ಬಿರಿಯುವಂತೆ ಒರಗಿ ಕುಳಿತಿದ್ದಾನೆ. ಸುತ್ತ ಎಲುಬು, ಖಾಲಿ ಸೀಸೆ, ತೀರಿಸದ ಸಾಲದ ಚೀಟಿಗಳು. ಇನ್ನೊಂದರಲ್ಲಿ ಅವನ ತಂದೆ ಮೂರನೆಯ ಜಾರ್ಜ್ ದೊರೆ ಮೊಟ್ಟೆ ತಿನ್ನುತ್ತಾ ಜಿಪುಣತನದ ಮೂರ್ತಿಯಾಗಿದ್ದಾನೆ. ಮಗನ ದುಂದು, ತಂದೆಯ ಜಿಪುಣತನ ಎರಡೂ ಅತಿಯೇ. 'ಅತಿಯಾದರೆ ಅಮೃತವೂ ವಿಷ' ಎಂಬ ನಮ್ಮ ಗಾದೆಯ ವಿವೇಕವೇ ಇಲ್ಲಿ ತಾಮ್ರದ ತಗಡಿಗೆ ಇಳಿದಿದೆ.

3. ನವಾಬರಾದ ಇಂಗ್ಲಿಷರು

ಇಂಗ್ಲೆಂಡಿನ ಈ ಅತಿರೇಕದ ಚರ್ಚೆಯೊಳಗೆ ಭಾರತ ಪ್ರವೇಶಿಸಿದ್ದು ಹಣದ ಮೂಲಕ. ಕಂಪನಿಯ ನೌಕರಿಯಲ್ಲಿ ಭಾರಿ ಹಣ ಮಾಡಿ ಹಿಂದಿರುಗಿದವರನ್ನು ಅಲ್ಲಿನ ಜನ 'ನವಾಬ'ರೆಂದು ಹಂಗಿಸುತ್ತಿದ್ದರು. ವಾರನ್ ಹೇಸ್ಟಿಂಗ್ಸನ ಮೇಲಿನ ದೋಷಾರೋಪಣೆಯ ವಿಚಾರಣೆ 1788ರ ಫೆಬ್ರವರಿಯಲ್ಲಿ ಆರಂಭವಾಯಿತು. ಅದೇ ವರ್ಷದ ಮೇ ತಿಂಗಳ ಗಿಲ್‌ರೇ ಚಿತ್ರವೊಂದರಲ್ಲಿ ಹೇಸ್ಟಿಂಗ್ಸ್ ಪೌರಸ್ತ್ಯ ಉಡುಪು ತೊಟ್ಟು ಹಣ ಹಂಚುತ್ತಾ ಕುಳಿತಿದ್ದಾನೆ. ಮಂತ್ರಿಗಳು ಬಾಗಿ ಕೈಯೊಡ್ಡಿದ್ದಾರೆ. ಅವನು ಕುಳಿತಿರುವ ಸಿಂಹಾಸನ ಮಲವಿಸರ್ಜನೆಯ ಪೀಠ. ಲಂಚದ ಹಣ ಎಲ್ಲಿಂದ ಬಂತೆಂಬುದಕ್ಕಿಂತ ಯಾರ ಕೈ ಸೇರಿತೆಂಬುದೇ ಚಿತ್ರದ ಪ್ರಶ್ನೆ.

1797ರಲ್ಲಿ ಗಿಲ್‌ರೇ 'ಕೌಂಟ್ ರೂಪೀ' ಎಂಬ ಹೆಸರಿನಲ್ಲಿ ಪಾಲ್ ಬೆನ್‌ಫೀಲ್ಡನನ್ನು ಚಿತ್ರಿಸಿದ. ಆರ್ಕಾಟಿನ ನವಾಬನಿಗೆ ಸಾಲ ಕೊಟ್ಟು ಕೊಬ್ಬಿದ ಈತ ಹೈಡ್ ಪಾರ್ಕಿನಲ್ಲಿ ಕುದುರೆಯೇರಿ ಮೆರೆಯುತ್ತಿದ್ದಾನೆ. ನಮ್ಮ ರೂಪಾಯಿ ಅವನ ಬಿರುದಾಗಿದೆ. ಆರ್ಕಾಟಿನ ಈ ಸಾಲದ ಹಗರಣವನ್ನು ಎಡ್ಮಂಡ್ ಬರ್ಕ್ 1785ರ ಫೆಬ್ರವರಿ 28ರಂದು ಪಾರ್ಲಿಮೆಂಟಿನಲ್ಲಿ ದೀರ್ಘವಾಗಿ ಬಯಲಿಗೆಳೆದಿದ್ದ. ಅವನ ಗಂಟೆಗಟ್ಟಲೆಯ ವಾಗ್ಝರಿ ಹೇಳಿದ್ದನ್ನು ಗಿಲ್‌ರೇಯ ಅಂಗೈಯಗಲದ ಕುದುರೆ ಸವಾರ ನಿಮಿಷದಲ್ಲಿ ಹೇಳಿದ. ಬೆನ್‌ಫೀಲ್ಡ್ ಮುಂದೆ ದಿವಾಳಿಯಾಗಿ 1810ರಲ್ಲಿ ಪ್ಯಾರಿಸಿನಲ್ಲಿ ಬಡತನದಲ್ಲಿ ಸತ್ತ.

4. 'ಮಳೆಗಾಲದ ಆಗಮನ' (1791)

ಮೈಸೂರನ್ನೇ ಕೇಂದ್ರವಾಗಿಟ್ಟುಕೊಂಡ ಗಿಲ್‌ರೇಯ ಮುಖ್ಯ ಚಿತ್ರ 1791ರ ಡಿಸೆಂಬರ್ 6ರಂದು ಪ್ರಕಟವಾಯಿತು. ಅದರ ಶೀರ್ಷಿಕೆಯನ್ನು 'ಮಳೆಗಾಲದ ಆಗಮನ, ಅಥವಾ ಶ್ರೀರಂಗಪಟ್ಟಣದಿಂದ ಹಿಮ್ಮೆಟ್ಟಿದ್ದು' ಎಂದು ಕನ್ನಡಿಸಬಹುದು. ಕೋಟೆಯ ಮೇಲೆ ಟಿಪ್ಪು ನಿಂತಿದ್ದಾನೆ. ಕೆಳಗೆ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಕತ್ತೆಯೇರಿ ಓಡುತ್ತಿದ್ದಾನೆ. ಅವನನ್ನು ತೋಯಿಸುತ್ತಿರುವ ಮಳೆ ಮೋಡದ್ದಲ್ಲ, ಟಿಪ್ಪುವಿನ ಮೂತ್ರಧಾರೆ.

ಈ ಅಸಭ್ಯ ಹಾಸ್ಯದ ಹಿಂದಿನ ಘಟನೆಗಳು ಹೀಗಿವೆ. 1791ರ ಮಾರ್ಚ್ 21ರಂದು ಬೆಂಗಳೂರು ಕೋಟೆಯನ್ನು ಗೆದ್ದ ಕಾರ್ನ್‌ವಾಲಿಸ್ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದತ್ತ ನಡೆದ. ಮೇ 15ರಂದು ಅರಕೆರೆಯ ಬಳಿ ನಡೆದ ಕಾಳಗದಲ್ಲಿ ಅವನ ಕೈ ಮೇಲಾಯಿತು. ಆದರೆ ಗೆದ್ದ ದಂಡಿಗೆ ತಿನ್ನಲು ಅನ್ನವಿರಲಿಲ್ಲ. ಮೇವಿಲ್ಲದೆ, ರೋಗದಿಂದ ಎತ್ತುಗಳು ಸಾವಿರಗಟ್ಟಲೆ ಸತ್ತವು; ಶಿಬಿರದಲ್ಲಿ ಸಿಡುಬು ಹಬ್ಬಿತು; ಮಳೆ ಹಿಡಿಯಿತು. ಎಳೆಯುವ ಎತ್ತಿಲ್ಲದ ಭಾರಿ ಫಿರಂಗಿಗಳನ್ನು ಕನ್ನಂಬಾಡಿಯ ಬಳಿ ತಾವೇ ನಾಶಪಡಿಸಿ ಇಂಗ್ಲಿಷರು ಹಿಂದಿರುಗಿದರು. ಚಿತ್ರದ 'ಮಳೆ'ಗೆ ಇದು ಆಧಾರ. ಸೋಲಿಗೆ ಮಳೆಯೇ ಕಾರಣವೆಂಬ ಸರ್ಕಾರಿ ಸಮಜಾಯಿಷಿಯನ್ನು ಗಿಲ್‌ರೇ ಅಕ್ಷರಶಃ ಹಿಡಿದು ಹಾಸ್ಯಕ್ಕಿಳಿಸಿದ. ಹತ್ತು ವರ್ಷಗಳ ಹಿಂದೆ, 1781ರಲ್ಲಿ, ಅಮೆರಿಕದ ಯಾರ್ಕ್‌ಟೌನಿನಲ್ಲಿ ಶರಣಾದ ಸೇನಾನಿ ಇವನೇ ಎಂಬುದನ್ನು ಲಂಡನ್ನಿನ ನೋಡುಗರು ಮರೆತಿರಲಿಲ್ಲ.

ಚಿತ್ರದಲ್ಲಿರುವ ಟಿಪ್ಪು ಗಿಲ್‌ರೇ ಕಂಡ ವ್ಯಕ್ತಿಯಲ್ಲ. ಚಿತ್ರಕಾರ ಭಾರತಕ್ಕೆ ಬಂದವನೇ ಅಲ್ಲ. ಅವನ ಟಿಪ್ಪು ಒಂದು ರುಮಾಲು, ಒಂದು ಮೀಸೆ, ಒಂದು ಹುಂಬ ಭಂಗಿ ಅಷ್ಟೆ. ಆದ್ದರಿಂದ ಈ ಚಿತ್ರವನ್ನು ಟಿಪ್ಪುವಿನ ಪ್ರಶಂಸೆಯೆಂದು ತಿಳಿಯುವುದು ಅಸಂಗತ. ಟಿಪ್ಪು ಇಲ್ಲಿ ಒಂದು ಸಾಧನ. ದುಬಾರಿ ಯುದ್ಧ, ಅದನ್ನು ಮುನ್ನಡೆಸಿದವರ ಜಂಬ ಇವೇ ಗುರಿ.

5. ಅದೇ ಹೊತ್ತಿನಲ್ಲಿ ಕುಣಿಗಲ್ ಸೀಮೆ

ತುಮಕೂರಿನಿಂದ ಕುಣಿಗಲ್ಲಿಗೆ ಹೋಗುವ ಹಾದಿಯಲ್ಲಿ ಹೆಬ್ಬೂರಿದೆ. ಅದರ ದಕ್ಷಿಣಕ್ಕೆ ಕುಣಿಗಲ್, ಅದರಾಚೆ ಹುಲಿಯೂರುದುರ್ಗ, ಆಗ್ನೇಯಕ್ಕೆ ಹುತ್ರಿದುರ್ಗ. ರಾಗಿ, ಹುರುಳಿ ಬೆಳೆಯುವ ಈ ಸೀಮೆ ಬೆಂಗಳೂರಿಗೂ ಶ್ರೀರಂಗಪಟ್ಟಣಕ್ಕೂ ನಡುವಣ ದಂಡಿನ ಹಾದಿಗಳಿಗೆ ಒತ್ತಿಕೊಂಡಿದೆ. ಹಿಮ್ಮೆಟ್ಟಿದ ಕಾರ್ನ್‌ವಾಲಿಸನ ದಂಡು ಮರಾಠರ ಸೈನ್ಯದೊಡನೆ ಸೇರಿ ನಾಗಮಂಗಲ, ಹುಲಿಯೂರುದುರ್ಗಗಳ ಮೇಲೆ ಬೆಂಗಳೂರಿನತ್ತ ಸರಿಯಿತು. ಹುಲಿಯೂರುದುರ್ಗ ಆ ಹಾದಿಯಲ್ಲಿ ಇಂಗ್ಲಿಷರ ವಶವಾಯಿತು.

ಈ ಪ್ರಯಾಣದ ಒಂದು ವಿವರ ನಮ್ಮ ವಸ್ತುವಿಗೆ ನೇರವಾಗಿ ಸಂಬಂಧಿಸಿದೆ. ಹಸಿದ ಇಂಗ್ಲಿಷ್ ದಂಡಿಗೆ ಆಸರೆಯಾದದ್ದು ಪರಶುರಾಮ ಭಾವೂ ಮತ್ತು ಹರಿಪಂತರ ಮರಾಠಾ ಶಿಬಿರದ ಬಜಾರು. ಅಲ್ಲಿ ಧಾನ್ಯ ಸಿಗುತ್ತಿತ್ತು, ಆದರೆ ಬಾಯಿಗೆ ಬಂದ ಬೆಲೆಗೆ. ಧಾನ್ಯದ ಪಕ್ಕದಲ್ಲಿಯೇ ಶಾಲು, ಆಭರಣ, ವಿಲಾಯಿತಿ ಚಾಕುಗಳವರೆಗೆ ಎಲ್ಲ ಬಗೆಯ ಭೋಗವಸ್ತುಗಳೂ ಮಾರಾಟಕ್ಕಿದ್ದವು. ಮಾರ್ಕ್ ವಿಲ್ಕ್ಸ್ ತನ್ನ ಮೈಸೂರು ಚರಿತ್ರೆಯಲ್ಲಿ ಈ ಬಜಾರನ್ನು ಬೆರಗಿನಿಂದ ವರ್ಣಿಸಿದ್ದಾನೆ. ಸುತ್ತಲ ಹಳ್ಳಿಗಳು ಉಪವಾಸವಿರುವಾಗ ಶಿಬಿರದಲ್ಲಿ ಶಾಲಿನ ವ್ಯಾಪಾರ! ಯುದ್ಧದ ಅತಿರೇಕಕ್ಕೆ ಇದಕ್ಕಿಂತ ಮೊನಚಾದ ವಿಡಂಬನೆಯನ್ನು ಯಾವ ಚಿತ್ರಕಾರನೂ ಕಲ್ಪಿಸಬೇಕಾಗಿರಲಿಲ್ಲ. ಆದರೆ ಅದು ಯಾವ ತಗಡಿಗೂ ಏರಲಿಲ್ಲ.

ಕಾಲದ ಲೆಕ್ಕವೂ ಗಮನಾರ್ಹ. ಗಿಲ್‌ರೇಯ ಚಿತ್ರ ಡಿಸೆಂಬರ್ 6ರಂದು ಅಂಗಡಿಗೆ ಬಂತು. ಅದೇ ಡಿಸೆಂಬರ್ 21ರಂದು ಸಾವನದುರ್ಗ, 24ರಂದು ಹುತ್ರಿದುರ್ಗ ಇಂಗ್ಲಿಷರ ಕೈಸೇರಿದವು. ಮೇ ತಿಂಗಳ ಓಟಕ್ಕೆ ಲಂಡನ್ ನಗುತ್ತಿದ್ದ ಹೊತ್ತಿನಲ್ಲಿ, ಓಡಿದವನು ಕುಣಿಗಲ್ ಸೀಮೆಗೆ ಮರಳಿ ಬಂದು ದುರ್ಗಗಳನ್ನು ಹತ್ತುತ್ತಿದ್ದ. ಸಮುದ್ರ ದಾಟಿ ಹೋಗುವ ಸುದ್ದಿಗೆ ಐದಾರು ತಿಂಗಳು ಹಿಡಿಯುತ್ತಿದ್ದ ಕಾಲವದು. ಆದ್ದರಿಂದ ಈ ಚಿತ್ರಗಳನ್ನು ಮೈಸೂರಿನ ಘಟನೆಗಳ ದಾಖಲೆಯಾಗಿ ಓದುವ ಮೊದಲು ಅವುಗಳ ಮೇಲಿನ ದಿನಾಂಕವನ್ನು ಲಂಡನ್ನಿನ ಮನಸ್ಸಿನ ದಿನಾಂಕವೆಂದೇ ತಿಳಿಯಬೇಕು.

ಹುತ್ರಿದುರ್ಗ ಮುದ್ರಣಚಿತ್ರವಾಗದೆ ಉಳಿಯಲಿಲ್ಲ. ದಂಡಿನ ಜೊತೆಗಿದ್ದ ಚಿತ್ರಕಾರ ರಾಬರ್ಟ್ ಹೋಮ್ 1794ರಲ್ಲಿ ಹೊರತಂದ ಮೈಸೂರಿನ ದೃಶ್ಯಗಳ ಸಂಪುಟದಲ್ಲಿ ಈ ಬೆಟ್ಟವೂ ಸೇರಿದೆ. ಅಲ್ಲಿ ಬಂಡೆ ಗಂಭೀರವಾಗಿದೆ, ಆಕಾಶ ಪ್ರಶಾಂತವಾಗಿದೆ. ಯುದ್ಧದ ವಾಸನೆ ಮಾತ್ರ ಇಲ್ಲ. ಒಂದೇ ಯುದ್ಧ ಎರಡು ಬಗೆಯ ತಗಡುಗಳನ್ನು ಹುಟ್ಟಿಸಿತು. ಒಂದು, ಗೆದ್ದ ನೆಲವನ್ನು ಸುಂದರಗೊಳಿಸಿ ದಿವಾನಖಾನೆಯ ಗೋಡೆಗೆ ಒಪ್ಪಿಸಿತು. ಇನ್ನೊಂದು, ಗೆಲ್ಲಲು ಹೊರಟವನನ್ನು ಕತ್ತೆಯ ಮೇಲೆ ಕೂರಿಸಿತು. ಇಂಗ್ಲಿಷ್ ಸಮಾಜದ ಒಳಗಣ ಬಿರುಕು ಈ ಎರಡನ್ನೂ ಒಟ್ಟಿಗೆ ಇಟ್ಟಾಗ ಮಾತ್ರ ಕಾಣುತ್ತದೆ.

6. ಶ್ರೀರಂಗಪಟ್ಟಣದ ಮರುನಗೆ

ವಿಡಂಬನೆಯ ಹಾದಿ ಒಮ್ಮುಖವಾಗಿರಲಿಲ್ಲ. ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ಮುಖ್ಯ ಬೀದಿಗಳ ಮನೆಗೋಡೆಗಳ ಮೇಲೆ ಇಂಗ್ಲಿಷರನ್ನು ಗೇಲಿ ಮಾಡುವ ಚಿತ್ರಗಳಿದ್ದವು. ನಡುಗುವ ಬಿಳಿಯನ ಮೇಲೆರಗುವ ಹುಲಿ, ಕುರ್ಚಿಯ ಮೇಲಿನ ಇಂಗ್ಲಿಷನ ಪಾದದಡಿ ಬಿದ್ದ ಆರ್ಕಾಟಿನ ನವಾಬ ಮೊದಲಾದ ದೃಶ್ಯಗಳನ್ನು ಸಮಕಾಲೀನ ಇಂಗ್ಲಿಷ್ ಬರಹಗಳು ವರ್ಣಿಸಿವೆ. ಕಾರ್ನ್‌ವಾಲಿಸನ ಯುದ್ಧದ ಹೊತ್ತಿಗೆ ಅವುಗಳ ಮೇಲೆ ಸುಣ್ಣ ಬಳಿಯಲಾಯಿತೆಂದೂ ಅವು ಹೇಳುತ್ತವೆ. 1784ರಲ್ಲಿ ಕಟ್ಟಿದ ದರಿಯಾ ದೌಲತ್ತಿನ ಭಿತ್ತಿಯ ಮೇಲೆ, 1780ರ ಪೊಳ್ಳಿಲೂರು ಯುದ್ಧದಲ್ಲಿ ಸೋತ ಬೈಲಿ ಪಲ್ಲಕ್ಕಿಯಲ್ಲಿ ಬೆರಳು ಕಚ್ಚಿ ಕುಳಿತಿದ್ದಾನೆ. ನಿಜಾಮನ ಕಡೆಯವರ ಬಳಿ ಹಸುವೂ ಹಂದಿಯೂ ಹಾಸ್ಯದ ಗುರುತುಗಳಾಗಿ ನಿಂತಿವೆ. ಬಿಳಿಯನ ಕೊರಳಿಗೆ ಬಾಯಿ ಹಾಕಿ ಗುರುಗುಡುವ ಟಿಪ್ಪುವಿನ ಮರದ ಹುಲಿಯೂ ಇದೇ ಮನೋಧರ್ಮದ ಕೃತಿ. ಅದು 1808ರಿಂದ ಲಂಡನ್ನಿನ ಕಂಪನಿ ಕಚೇರಿಯಲ್ಲಿ ಪ್ರದರ್ಶನಗೊಂಡು, ಈಗ ಅಲ್ಲಿನ ವಿಕ್ಟೋರಿಯ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.

ಆದರೆ ಎರಡಕ್ಕೂ ಇರುವ ಭೇದ ಮೂಲಭೂತವಾದುದು. ಶ್ರೀರಂಗಪಟ್ಟಣದ ಗೋಡೆ ಶತ್ರುವನ್ನು ನಕ್ಕಿತು. ಲಂಡನ್ನಿನ ತಗಡು ತನ್ನ ಪ್ರಭುವನ್ನೇ ನಕ್ಕಿತು. ಗೋಡೆಯ ಚಿತ್ರ ದೊರೆಯ ಆಜ್ಞೆಯಿಂದ ಹುಟ್ಟಿ ಸುಣ್ಣದ ಒಂದು ಕೈಗೆ ಅಳಿಯಿತು. ತಗಡಿನ ಚಿತ್ರ ನೂರಾರು ಮನೆಗಳಿಗೆ ಹಂಚಿಹೋಯಿತು. ವಿಡಂಬನೆ ಸಾಮಾಜಿಕ ಟೀಕೆಯಾಗಬೇಕಾದರೆ ಅಳಿಸಲಾಗದಷ್ಟು ಪ್ರತಿಗಳೂ, ಆಜ್ಞೆಗೆ ಕಾಯದ ಕೊಳ್ಳುಗರೂ ಬೇಕು ಎಂಬುದಕ್ಕೆ ಈ ಹೋಲಿಕೆ ನಿದರ್ಶನ.

7. 1799: ವಿಜಯದ ಅತಿರೇಕ

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಅಂದಿನ ಇರುಳು ಊರಿನಲ್ಲಿ ಲೂಟಿಯಾಗದ ಮನೆ ಉಳಿದದ್ದೇ ವಿರಳ ಎಂಬುದನ್ನು ಆರ್ಥರ್ ವೆಲ್ಲೆಸ್ಲಿಯ ಪತ್ರಗಳೇ ಒಪ್ಪುತ್ತವೆ. ಮಾರನೆಯ ದಿನ ಅವನು ಗಲ್ಲು, ಚಾಟಿಗಳಿಂದ ಶಿಸ್ತು ತರಬೇಕಾಯಿತು. ಟಿಪ್ಪುವಿನ ಸಿಂಹಾಸನವನ್ನು ಒಡೆದು ಹಂಚಿಕೊಂಡರು. ಯುದ್ಧಲಾಭದ ಹಂಚಿಕೆಯಲ್ಲಿ ಸೇನಾಪತಿ ಹ್ಯಾರಿಸನಿಗೆ ಸುಮಾರು 1 ಲಕ್ಷ 43 ಸಾವಿರ ಪೌಂಡು, ಕರ್ನಲ್ ವೆಲ್ಲೆಸ್ಲಿಗೆ ಸುಮಾರು 4 ಸಾವಿರ ಪೌಂಡು ಬಂದರೆ, ಗೋಡೆ ಹತ್ತಿದ ಸಾಮಾನ್ಯ ಸಿಪಾಯಿಗೆ ದಕ್ಕಿದ್ದು ಕೆಲವೇ ಪೌಂಡು. ಹ್ಯಾರಿಸ್ ತೆಗೆದುಕೊಂಡ ಪಾಲು ಹೆಚ್ಚಾಯಿತೆಂದು ಕಂಪನಿಯೇ ಮುಂದೆ ತಕರಾರು ತೆಗೆಯಿತು.

ಲಂಡನ್ ಈ ವಿಜಯವನ್ನು ವೈಭವದಿಂದ ಆಚರಿಸಿತು. ರಾಬರ್ಟ್ ಕೇರ್ ಪೋರ್ಟರ್ 1800ರಲ್ಲಿ ಕೋಟೆ ಮುತ್ತಿಗೆಯ ಬೃಹತ್ ಚಿತ್ರವನ್ನು ಪ್ರದರ್ಶನಕ್ಕಿಟ್ಟ. ಕಂಪನಿ ಟಂಕಿಸಿದ ಪದಕದಲ್ಲಿ ಬ್ರಿಟಿಷ್ ಸಿಂಹ ಹುಲಿಯನ್ನು ಕೆಡವಿತು. ಆದರೆ ಅದಕ್ಕೂ ಮೊದಲು, 1799ರಲ್ಲಿಯೇ, ಥಾಮಸ್ ರೋಲಂಡ್‌ಸನ್ ಬೇರೊಂದು ಚಿತ್ರವನ್ನು ಹೊರತಂದಿದ್ದ. 'ಟಿಪ್ಪುವಿನ ಮರಣ, ಅಥವಾ ಅಂತಃಪುರದ ಮುತ್ತಿಗೆ' ಎಂಬುದು ಅದರ ಶೀರ್ಷಿಕೆ. ಹೆಸರಿನಲ್ಲಿ ಟಿಪ್ಪುವಿನ ಸಾವಿದೆ. ಚಿತ್ರದ ತುಂಬ ಇರುವುದು ರಾಣಿವಾಸಕ್ಕೆ ನುಗ್ಗಿ ಹೆಂಗಸರ ಮೇಲೆ ಕೈಹಾಕುವ ಇಂಗ್ಲಿಷ್ ಸೈನಿಕರು. ಪದಕ ಹೇಳದ್ದನ್ನು ಈ ಚಿತ್ರ ಹೇಳಿತು: ಗೆಲುವಿನ ಹಿಂದೆಯೇ ಲೂಟಿಯೂ ಕಾಮವೂ ಬಂದವು.

ಹೀಗೆಂದು ರೋಲಂಡ್‌ಸನ್ನನನ್ನು ಪೂರ್ತಿ ಮೆಚ್ಚುವಂತಿಲ್ಲ. ಅವನ ಚಿತ್ರದ ಹೆಂಗಸರಿಗೆ ನೋವಿಲ್ಲ, ಮುಖವೂ ಇಲ್ಲ. ನೋಡುಗನ ಕಣ್ಣಿನ ಭೋಗಕ್ಕಾಗಿ ಅವರನ್ನು ಬರೆದಂತಿದೆ. ಅತಿರೇಕವನ್ನು ಟೀಕಿಸುವ ಚಿತ್ರವೇ ಇನ್ನೊಂದು ಅತಿರೇಕದಲ್ಲಿ ಪಾಲುಗೊಂಡಿದೆ. ವಿಡಂಬನ ಮುದ್ರಣಚಿತ್ರಗಳನ್ನು ಆಕರವಾಗಿ ಬಳಸುವವರು ಈ ಇಬ್ಬಂದಿತನವನ್ನು ಎದುರಿಸಲೇಬೇಕು.

8. ಚಿತ್ರದಲ್ಲಿ ಇಲ್ಲದವರು

ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಗುಬ್ಬಿ, ಸಿರಾ, ಮಧುಗಿರಿ ಸೀಮೆಗಳಲ್ಲಿ ಸಂಚರಿಸಿದ. ಗುಬ್ಬಿಯ ವ್ಯಾಪಾರದ ಚಟುವಟಿಕೆಯನ್ನು ಅವನು ಗುರುತಿಸಿದ್ದಾನೆ. ಅದರ ಜೊತೆಗೆ, ಸುಮಾರು ಹತ್ತು ವರ್ಷಗಳ ಹಿಂದಿನ ಮರಾಠಾ ದಂಡಯಾತ್ರೆ ಮತ್ತು ಬರದಿಂದ ಬರಿದಾದ ಹಳ್ಳಿಗಳನ್ನೂ ದಾಖಲಿಸಿದ್ದಾನೆ. ದಂಡು ಯಾವುದೇ ಇರಲಿ, ಕಂಪನಿಯದೋ, ಪೇಶ್ವೆಯದೋ, ಸುಲ್ತಾನನದೋ, ಎತ್ತು ಹೋದದ್ದು ರೈತನ ಕೊಟ್ಟಿಗೆಯಿಂದ, ರಾಗಿ ಹೋದದ್ದು ಅವನ ಹಗೇವಿನಿಂದ. 1792ರ ಒಪ್ಪಂದದಂತೆ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ಕೊಡಬೇಕಾಯಿತು. ಆ ಹಣದ ಹೊರೆ ಕೊನೆಗೆ ಇಳಿದದ್ದು ಉತ್ತ ನೆಲದ ಮೇಲೆ. 'ಮಳೆಗಾಲದ ಆಗಮನ'ದ ಚಿತ್ರದಲ್ಲಿ ಕತ್ತೆಯುಂಟು. ಸತ್ತ ಸಾವಿರಾರು ಎತ್ತುಗಳಿಲ್ಲ, ಅವುಗಳ ಒಡೆಯರಿಲ್ಲ, ಧಾನ್ಯ ಹೊತ್ತು ತಂದ ಲಂಬಾಣಿಗಳಿಲ್ಲ.

ಈ ಕೊರತೆಯನ್ನು ಅರಿಯಲು ಜಾನಪದ ನೆರವಾಗುತ್ತದೆ. ನಮ್ಮ ಬಯಲುಸೀಮೆಯ ತೊಗಲುಗೊಂಬೆಯಾಟದಲ್ಲಿ ಕಿಳ್ಳೆಕ್ಯಾತ, ಬಂಗಾರಕ್ಕ ಎಂಬ ಜೋಡಿಯಿದೆ. ಡೊಳ್ಳುಹೊಟ್ಟೆ, ದಪ್ಪತುಟಿಯ ಈ ವಿಕಾರ ದೇಹದ ಗೊಂಬೆಗಳು ರಾಮಾಯಣ, ಭಾರತಗಳ ನಡುವೆ ನುಗ್ಗಿ ಊರಿನ ಮಾತನ್ನು ಒರಟಾಗಿ ಆಡುತ್ತವೆ. ಗಿಲ್‌ರೇಯ ಯುವರಾಜನಿಗೂ ಕಿಳ್ಳೆಕ್ಯಾತನಿಗೂ ದೇಹದ ವ್ಯಾಕರಣ ಒಂದೇ: ಉಬ್ಬಿದ ಹೊಟ್ಟೆ, ನಾಚಿಕೆಯಿಲ್ಲದ ಶರೀರಧರ್ಮ, ದೊಡ್ಡವರೆನಿಸಿಕೊಂಡವರ ಎದುರು ಹೊಲಸು ಮಾತು. ಆದರೆ ಸ್ಥಾನ ತಿರುವುಮುರುವು. ಗಿಲ್‌ರೇಯಲ್ಲಿ ವಿಕಾರ ದೇಹ ಪ್ರಭುವಿನದು, ನಗುವವನು ಚಿತ್ರದ ಹೊರಗಿದ್ದಾನೆ. ತೊಗಲುಗೊಂಬೆಯಲ್ಲಿ ವಿಕಾರ ದೇಹ ಬಡವನದೇ. ಅವನೇ ಪರದೆಯ ಮೇಲೆ ನಿಂತು, ತನ್ನನ್ನೂ ಸೇರಿಸಿಕೊಂಡು, ಎಲ್ಲರನ್ನೂ ನಗುತ್ತಾನೆ. ಲಂಡನ್ನಿನ ತಗಡು ಮೇಲಿನವರನ್ನು ಕೆಳಗಿಳಿಸಿತು. ನಮ್ಮ ತೊಗಲು ಕೆಳಗಿನವನಿಗೆ ಬಾಯಿ ಕೊಟ್ಟಿತು. ಎರಡು ಕೆಲಸಗಳೂ ವಿಡಂಬನೆಗೆ ಸೇರಿದವು. ಒಂದನ್ನು ಇನ್ನೊಂದರಿಂದ ತುಂಬಿಕೊಳ್ಳದೆ ಆ ಕಾಲದ ಚಿತ್ರ ಪೂರ್ಣವಾಗದು.

ಈ ಎರಡು ಧಾರೆಗಳು ಕನ್ನಡದಲ್ಲಿ ಒಂದಾಗಲು ಬಹಳ ಕಾಲ ಹಿಡಿಯಿತು. ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದದ್ದು 1841ರಲ್ಲಿ. 'ಮಂಗಳೂರ ಸಮಾಚಾರ' ಹೊರಬಂದದ್ದು 1843ರ ಜುಲೈ 1ರಂದು. ಅಚ್ಚು ಬಂದರೂ ನಗೆ ಆಟದ ಮೈದಾನದಲ್ಲಿ, ನಾಟಕದ ಅಟ್ಟದ ಮೇಲೆಯೇ ಉಳಿಯಿತು. ಗುಬ್ಬಿ ವೀರಣ್ಣನವರ ಹಾಸ್ಯಪಾತ್ರಗಳಿಗೆ ನಾಡೇ ನಕ್ಕದ್ದು ಇದಕ್ಕೆ ಸಾಕ್ಷಿ. 1942ರಲ್ಲಿ ರಾಶಿಯೆಂದು ಹೆಸರಾದ ಡಾ. ಎಂ. ಶಿವರಾಂ ಬೆಂಗಳೂರಿನಲ್ಲಿ ಹಾಸ್ಯ ಮಾಸಪತ್ರಿಕೆಯೊಂದನ್ನು ಆರಂಭಿಸಿದಾಗ ಅದಕ್ಕೆ ಇಟ್ಟ ಹೆಸರು 'ಕೊರವಂಜಿ'. ಮೈಸೂರಿನ ತರುಣ ಆರ್. ಕೆ. ಲಕ್ಷ್ಮಣ್ ಅದಕ್ಕೆ ವ್ಯಂಗ್ಯಚಿತ್ರ ಬರೆದರು. ಮನೆಮನೆಗೆ ಹೋಗಿ ಇದ್ದದ್ದನ್ನು ಇದ್ದಹಾಗೆ ಹೇಳುವ ಜನಪದ ಕಣಿಗಾರ್ತಿಯ ಹೆಸರಿನಲ್ಲಿ, ಸತುವಿನ ತಗಡಿನಿಂದ ಅಚ್ಚಾದ ಗೆರೆ ಕನ್ನಡದ ಮನೆಗಳನ್ನು ಹೊಕ್ಕಿತು. 1967ರವರೆಗೆ ನಡೆದ ಆ ಪತ್ರಿಕೆಯ ಹೆಸರೇ ತೊಗಲು–ತಗಡುಗಳ ಕೂಡಲವನ್ನು ಸೂಚಿಸುತ್ತದೆ.

9. ಸಮಾರೋಪ

ಮೇಲಿನ ಚರ್ಚೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ಮೈಸೂರು ಯುದ್ಧಗಳ ವಿಡಂಬನ ಮುದ್ರಣಚಿತ್ರಗಳು ಟಿಪ್ಪುವಿನ ಪರವಾಗಲಿ ವಿರೋಧವಾಗಲಿ ಸಾಕ್ಷಿ ನುಡಿಯುವುದಿಲ್ಲ; ಅವು ಸಾಮ್ರಾಜ್ಯ ಕಟ್ಟುತ್ತಿದ್ದ ಸಮಾಜ ತನ್ನ ಅತಿರೇಕದ ಬಗ್ಗೆ ಹೊಂದಿದ್ದ ಅಳುಕಿಗೆ ಸಾಕ್ಷಿ. ಎರಡು, ಅವುಗಳನ್ನು ಅದೇ ಯುದ್ಧದ ಸುಂದರ ದೃಶ್ಯಚಿತ್ರಗಳು, ಪದಕಗಳು, ಶ್ರೀರಂಗಪಟ್ಟಣದ ಭಿತ್ತಿಚಿತ್ರಗಳು ಇವುಗಳ ಪಕ್ಕದಲ್ಲಿಟ್ಟಾಗಲೇ ಅರ್ಥ ಹೊಮ್ಮುತ್ತದೆ. ಮೂರು, ಅವು ಬಿಟ್ಟ ಜಾಗವನ್ನು ಸ್ಥಳೀಯ ಚರಿತ್ರೆಯೇ ತುಂಬಬೇಕು.

ಹುತ್ರಿದುರ್ಗ, ಹುಲಿಯೂರುದುರ್ಗಗಳ ಬುಡದ ಹಳ್ಳಿಗಳ ಐತಿಹ್ಯಗಳು, ದಂಡಿನ ನೆನಪು ಹೊತ್ತ ಸ್ಥಳನಾಮಗಳು, ಲಾವಣಿಕಾರರ ಮತ್ತು ಗೊಂಬೆರಾಮರ ಬಾಯಲ್ಲಿ ಉಳಿದಿರುವ ಹಾಸ್ಯಪ್ರಸಂಗಗಳು ಇವುಗಳ ವ್ಯವಸ್ಥಿತ ಸಂಗ್ರಹವನ್ನು ಈ ಚಿತ್ರಗಳ ಅಧ್ಯಯನದೊಡನೆ ಜೋಡಿಸಬೇಕಾಗಿದೆ. ಕತ್ತೆಯೇರಿದ ಕಾರ್ನ್‌ವಾಲಿಸನ ಚಿತ್ರ ಬ್ರಿಟಿಷ್ ಸಂಗ್ರಹಾಲಯದಲ್ಲಿ ಜೋಪಾನವಾಗಿದೆ. ಎತ್ತು ಕಳೆದುಕೊಂಡವನ ಮಾತು ಹೆಬ್ಬೂರು, ಕುಣಿಗಲ್, ಗುಬ್ಬಿ ಸೀಮೆಗಳ ಹಿರಿಯರ ನಾಲಗೆಯ ಮೇಲಷ್ಟೇ ಉಳಿಯಬಹುದಾದದ್ದು. ಅದನ್ನು ದಾಖಲಿಸುವ ಕೆಲಸ ತಡವಾದಷ್ಟೂ ಆ ಚರಿತ್ರೆ ಪ್ರಭುಗಳ ನಗೆಯಲ್ಲಿಯೇ ಮುಗಿದುಹೋಗುತ್ತದೆ.